ತುಳಸಿಯ ಕದಿರೂ ಸೌತೆಯ ಮಿಡಿಯೂ

ಗದ್ದೆ ಕೊಯ್ದ ಮೇಲೆ ನಮ್ಮ ಕಾಸರಗೋಡು ಸೀಮೆಯ ಬೈಲುಗಳಲ್ಲಿ ಮುಳ್ಳುಸೌತೆ, ಸೌತೆ, ಕುಂಬಳ, ಹಾಗಲಗಳ ಸಾಲು ಏಳುತ್ತದೆ. ಬಳ್ಳಿ ಸೊಂಪಾಗಿ ಹಬ್ಬಿ ಹೂವೂ ಧಾರಾಳವಾಗಿ ಬಿಡುತ್ತದೆ. ಆದರೆ ಕೆಲವು ವರ್ಷ ಮಿಡಿಗಳು ಬೆರಳುದ್ದವಾಗುವಷ್ಟರಲ್ಲಿ ಹಳದಿಯಾಗಿ ಉದುರುತ್ತವೆ, ಉಳಿದವು ಸೊಟ್ಟಗಾಗುತ್ತವೆ. ಕೂಡಲೇ ನಾವು ಮದ್ದಿನ ಕುಪ್ಪಿಗೆ ಕೈಹಾಕುತ್ತೇವೆ. ನೀರು ಗೊಬ್ಬರಗಳ ಕೊರತೆಯಿಂದಲೂ ಕಾಯಿನೊಣದಿಂದಲೂ ಮಿಡಿ ಉದುರುವುದುಂಟು. ಆದರೆ ಎಷ್ಟೋ ಸಲ ಅಲ್ಲಿ ಕಡಿಮೆಯಾದುದು ಜೇನು.

ಈ ಬಳ್ಳಿಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಬುಡದಲ್ಲಿ ಪುಟ್ಟ ಮಿಡಿ ಇರುವುದೇ ಹೆಣ್ಣು ಹೂ. ಗಂಡು ಹೂವಿನ ಪರಾಗ ಅಂಟಾದುದರಿಂದ ಗಾಳಿಗೆ ಹಾರಿ ಬರಲಾರದು. ಜೇನು ಹೊತ್ತು ತರಬೇಕು. ಹೂ ಬೆಳಗ್ಗೆ ಬಿರಿದು ಅದೇ ದಿನ ಬಾಡುತ್ತದೆ. ಆ ಕೆಲವು ಗಂಟೆಗಳಲ್ಲಿ ಜೇನು ಬಾರದಿದ್ದರೆ ಮಿಡಿ ಹೋಯಿತೆಂದೇ ಲೆಕ್ಕ. ಸಾಕಷ್ಟು ಸಲ ಬಾರದಿದ್ದರೆ ಕಾಯಿ ಸೊಟ್ಟ. ಪಡುವಲದ ಮಾತು ಬೇರೆ. ಅದರ ಹೂ ಸಂಜೆಗೆ ಬಿರಿಯುವುದರಿಂದ ಅದಕ್ಕೆ ಇರುಳಿನ ಪತಂಗಗಳೇ ಗತಿ.

ಜೇನಿನ ಬೆಲೆ ಏನೆಂಬುದನ್ನು ನಮ್ಮ ಸೀಮೆಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಎಣ್ಮಕಜೆ ಮೊದಲಾದ ಊರುಗಳ ಗೇರುಗುಡ್ಡೆಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದುದು 2000ದವರೆಗೂ ನಡೆಯಿತು. ಜನರು ಪಟ್ಟ ಪಾಡಿನ ಜೊತೆಗೆ ಜೇನೂ ಇಲ್ಲವಾಯಿತೆಂದು ಅಲ್ಲಿಯವರು ಹೇಳುತ್ತಾರೆ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲ ತಡೆಯಿತು. ನಡುವೆ 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ದಕ್ಷಿಣ ದೇಶದಲ್ಲಿ ಹಬ್ಬಿ ತುಡುವೆ ಜೇನಿನ ಕುಟುಂಬಗಳನ್ನು ಬಹುಮಟ್ಟಿಗೆ ಅಳಿಸಿತು. ಉಳಿದು ಬಂದ ಜೇನನ್ನು ಹಿತ್ತಿಲಿಗೆ ಕರೆಯುವ ಉಪಾಯ ನಮ್ಮ ಕೈಯಲ್ಲಿದೆ. ಅದಕ್ಕೆ ಬೇಕಾದುದು ಮನೆಬಳಕೆಯ ಪರಿಮಳದ ಗಿಡಗಳೇ.

ತರಕಾರಿ ಸಾಲಿನ ಸಮೀಪದಲ್ಲಿ, ಬೆಳಗಿನ ಬಿಸಿಲು ಬೀಳುವ ಕಡೆ, ಎರಡು ಮೊಳ ಅಗಲದ ಒಂದು ಪಾತಿ ಮಾಡಬೇಕು. ಬಳ್ಳಿಗೆ ನೆರಳಾಗಬಾರದು. ಹಿಂದಿನ ಸಾಲಿಗೆ ಎತ್ತರದ ತುಳಸಿ, ಗಿಡದಿಂದ ಗಿಡಕ್ಕೆ ಒಂದು ಮೊಳ. ನಡುವೆ ಕಾಮಕಸ್ತೂರಿ, ಒಂದೂವರೆ ಗೇಣಿಗೊಂದು. ಮುಂದೆ ಕೊತ್ತಂಬರಿ; ಬೀಜವನ್ನು ಎರಡು ಹೋಳಾಗುವಂತೆ ಉಜ್ಜಿ ಬಿತ್ತಬೇಕು. ಒಂದೊಂದು ಜಾತಿಯೂ ಗುಂಪಾಗಿರಲಿ. ಜೇನು ಒಂದು ಸಲ ಹೊರಟರೆ ಹೆಚ್ಚಾಗಿ ಒಂದೇ ಜಾತಿಯ ಹೂಗಳಿಗೆ ಹೋಗುತ್ತದೆ. ಅಲ್ಲೊಂದು ಇಲ್ಲೊಂದು ನೆಟ್ಟರೆ ಅದರ ಕಣ್ಣಿಗೆ ಬೀಳುವುದು ಕಡಿಮೆ. ದೊಡ್ಡಪತ್ರೆಯನ್ನು ಚಟ್ನಿಗೂ ತಂಬುಳಿಗೂ ನೆಡಿರಿ. ಅದು ಹೂ ಬಿಡುವುದೇ ಅಪರೂಪವಾದುದರಿಂದ ಜೇನಿಗಾಗಿ ಅದನ್ನು ನಂಬುವಂತಿಲ್ಲ. ಓಣಂ ಪೂಕಳಕ್ಕೂ ಶಿವಪೂಜೆಗೂ ಬೇಕಾದ ತುಂಬೆ ತಾನಾಗಿಯೇ ಹುಟ್ಟುತ್ತದೆ. ಕಳೆ ಕೀಳುವಾಗ ಬೇಲಿಯ ಬದಿಯ ತುಂಬೆಯನ್ನು ಬಿಟ್ಟುಬಿಡಿರಿ. ಜೇನಿಗೆ ಅದು ಬಲು ಪ್ರಿಯ.

ಮುಖ್ಯ ಮಾತು ಹೊತ್ತಿನದು. ಸೌತೆ ಹೂ ಬಿಡುವ ಮೊದಲೇ ಪಾತಿಯಲ್ಲಿ ಹೂವಿರಬೇಕು. ಆಗ ಜೇನಿಗೆ ದಾರಿ ರೂಢಿಯಾಗಿರುತ್ತದೆ. ಕಾಮಕಸ್ತೂರಿ ಹೂವಾಗಲು ಎರಡು ಎರಡೂವರೆ ತಿಂಗಳು ಬೇಕು. ಆದುದರಿಂದ ತುಲಾ ಸಂಕ್ರಮಣದ ಹೊತ್ತಿಗೆ ಬೀಜ ಹಾಕಿದರೆ ಧನುರ್ಮಾಸದಲ್ಲಿ ಹೂ ಸಿಗುತ್ತದೆ. ಕೊತ್ತಂಬರಿಯನ್ನು ಹದಿನೈದು ದಿನಗಳಿಗೊಮ್ಮೆ ಸ್ವಲ್ಪ ಸ್ವಲ್ಪ ಬಿತ್ತುತ್ತಿರಬೇಕು. ಸೊಪ್ಪು ಹೆಚ್ಚಲೆಂದು ತುಳಸಿ, ಕಾಮಕಸ್ತೂರಿಗಳ ಕದಿರನ್ನೆಲ್ಲ ನಾವು ಚಿವುಟುವುದುಂಟು. ಇನ್ನು ಮುಂದೆ ಅರ್ಧ ಗಿಡಗಳನ್ನು ಮಾತ್ರ ಚಿವುಟೋಣ. ಚಿವುಟಿದವು ತಡವಾಗಿ ಹೂ ಬಿಡುವುದರಿಂದ ಹೂವಿನ ಕಾಲವೂ ಉದ್ದವಾಗುತ್ತದೆ. ಮಳೆಗಾಲದಲ್ಲಿ ಜೇನಿಗೆ ಹಸಿವಿನ ದಿನಗಳು. ಹೊಳವಾದಾಗ ಹೊರಬರುವ ಜೇನಿಗೆ ಜಗಲಿಯ ಬದಿಯ ತುಳಸಿಯ ಕದಿರೇ ಆಧಾರ.

ಗೋಡೆಯ ತೂತಿನಲ್ಲಿ ಮಿಸರಿ ಜೇನು ಮನೆ ಮಾಡಿದ್ದರೆ ಅದನ್ನು ಮಣ್ಣು ಮೆತ್ತಿ ಮುಚ್ಚಬೇಡಿರಿ. ಅದು ಚುಚ್ಚುವುದಿಲ್ಲ, ಕೆಲಸವನ್ನು ಮಾತ್ರ ಮಾಡುತ್ತದೆ. ಬಳ್ಳಿ ಹೂವಾಗಿರುವಾಗ ಬೆಳಗ್ಗೆ ಯಾವ ಮದ್ದನ್ನೂ ಬಿಡಬಾರದು. ಬಿಡಲೇಬೇಕಾದರೆ ಜೇನು ಗೂಡಿಗೆ ಮರಳಿದ ಮೇಲೆ, ಸಂಜೆ ಬಿಡಿರಿ. ಪರಿಮಳದ ಪಾತಿಯ ಮೇಲಂತೂ ಬೀಳಿಸಲೇಬೇಡಿರಿ. ಹೂ ತೋರಿಸಿ ಜೇನನ್ನು ಕರೆದು ವಿಷ ಬಡಿಸುವುದು ಮನೆಗೆ ಬಂದ ನೆಂಟನಿಗೆ ಮಾಡುವ ದ್ರೋಹಕ್ಕೆ ಸಮಾನ.

ಖರ್ಚು ಒಂದು ಚಿಟಿಕೆ ಬೀಜದ್ದು, ಜಾಗ ಒಂದು ಪಾತಿಯದು. ನಾಳೆ ಬೆಳಗ್ಗೆ ಸೌತೆಸಾಲಿನ ಬಳಿ ಕಾಲು ಗಂಟೆ ಸುಮ್ಮನೆ ನಿಂತು ಎಷ್ಟು ಜೇನು ಬಂದುವೆಂದು ಎಣಿಸಿ ನೋಡಿರಿ. ಮದ್ದು ಬೇಕೋ ಹೂ ಬೇಕೋ ಎಂಬುದು ಅಲ್ಲಿಯೇ ತಿಳಿಯುತ್ತದೆ.