ಮಾನಕದಲ್ಲಿ ಐಚ್ಛಿಕ ಅಂಶಗಳಿರಬೇಕೆ?

ಅಳತೆ, ತೂಕ, ಲಿಪಿ, ರೈಲುಹಳಿ, ಹೀಗೆ ಯಾವುದೇ ವಿಷಯದಲ್ಲಿ ಅನೇಕರು ಒಪ್ಪಿ ನಡೆಯುವ ಸಮಾನ ನಿಯಮಕ್ಕೆ ಮಾನಕವೆಂದು ಹೆಸರು. ಒಬ್ಬರನ್ನೊಬ್ಬರು ಎಂದೂ ಕಾಣದ ಇಬ್ಬರ ಕೆಲಸವು ಒಂದಕ್ಕೊಂದು ಹೊಂದಿಕೊಳ್ಳುವಂತೆ ಮಾಡುವುದೇ ಅದರ ಪ್ರಯೋಜನ. ಹಾಗಿದ್ದಲ್ಲಿ, “ಬೇಕಾದರೆ ಪಾಲಿಸಿರಿ, ಬೇಡವಾದರೆ ಬಿಡಿರಿ” ಎನ್ನುವ ಐಚ್ಛಿಕ ಅಂಶಗಳಿಗೆ ಮಾನಕದಲ್ಲಿ ಸ್ಥಳವುಂಟೆ?

ಆಯ್ಕೆಗೆ ತೆರಬೇಕಾದ ಬೆಲೆಯನ್ನು ನಮ್ಮ ಭಾಗದ ರೈಲುಹಳಿಗಳಲ್ಲಿಯೇ ಕಾಣಬಹುದು. ಕಲಬುರಗಿಯ ಮೂಲಕ ಹಾಯುವ ಮುಂಬಯಿ–ಚೆನ್ನೈ ಮಾರ್ಗದ ಹಳಿಗಳ ನಡುವಣ ಅಂತರ 1676 ಮಿಲಿಮೀಟರು. ಸೊಲ್ಲಾಪುರದ ಸಮೀಪದ ಹೋಟಗಿಯಿಂದ ವಿಜಯಪುರದ ಕಡೆಗೆ ಹೊರಟ ಹಳಿಗಳ ಅಂತರವಾದರೋ ಬಹುಕಾಲ 1000 ಮಿಲಿಮೀಟರು ಮಾತ್ರ. ಎರಡೂ ಅಂಗೀಕೃತ ಅಳತೆಗಳೇ. ಆದರೂ ಒಂದರ ಗಾಡಿ ಇನ್ನೊಂದರ ಮೇಲೆ ಓಡಲಾರದು. ಹೋಟಗಿಯಲ್ಲಿ ಪ್ರಯಾಣಿಕರು ಗಾಡಿ ಬದಲಿಸಬೇಕು, ಸರಕನ್ನು ಇಳಿಸಿ ಮತ್ತೆ ಏರಿಸಬೇಕು. ಆ ಮಾರ್ಗವೂ ಅಗಲಹಳಿಯಾದ ಬಳಿಕವಷ್ಟೇ ಈ ತೊಡಕು ತಪ್ಪಿತು.

ಇಂಥದೇ ತೊಡಕು ಬರವಣಿಗೆಯಲ್ಲಿಯೂ ಉಂಟಾಗುತ್ತದೆ. ಅನೇಕರು ಕೂಡಿ ಬರೆದು ತಿದ್ದಬಹುದಾದ ಪುಟಗಳಿಗೆ ವಿಕಿ ಎಂದು ಹೆಸರು. ಇದರ ಮೊದಲ ಮಾದರಿಯನ್ನು ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬವರು 1995ರಲ್ಲಿ ಬಳಕೆಗೆ ತಂದರು. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ವಿಕಿಯಲ್ಲಿ ಬರೆಯುವವರು ಅಕ್ಷರಗಳ ನಡುವೆ ಕೆಲವು ಗುರುತುಗಳನ್ನು ಇಡುತ್ತಾರೆ. ಯಂತ್ರವು ಆ ಗುರುತುಗಳನ್ನು ನೋಡಿ ಶೀರ್ಷಿಕೆ, ದಪ್ಪಕ್ಷರ, ಪಟ್ಟಿ ಮೊದಲಾದುವನ್ನು ರಚಿಸುತ್ತದೆ. ಆದರೆ ಗುರುತುಗಳು ಎಲ್ಲೆಡೆಯೂ ಒಂದೇ ಅಲ್ಲ. ವಿಕಿಪೀಡಿಯದಲ್ಲಿ ದಪ್ಪಕ್ಷರ ಬೇಕಾದರೆ ಪದದ ಎರಡು ಕಡೆಗಳಲ್ಲಿಯೂ ಮೂರು ಮೂರು ಒಂಟಿ ಉದ್ಧರಣ ಚಿಹ್ನೆಗಳನ್ನಿಡಬೇಕು. ಬೇರೆ ಕೆಲವು ವಿಕಿಗಳಲ್ಲಿ ಎರಡೆರಡು ನಕ್ಷತ್ರ ಚಿಹ್ನೆಗಳನ್ನು.

ಈ ಭೇದವನ್ನು ನೀಗಲು ಹಲವು ವಿಕಿಗಳ ನಿರ್ಮಾಪಕರು 2006ರಲ್ಲಿ ಡೆನ್ಮಾರ್ಕಿನ ಓಡೆನ್ಸೆಯಲ್ಲಿ ಸೇರಿ ಚರ್ಚಿಸಿದರು. 2007ರಲ್ಲಿ ‘ಕ್ರಿಯೋಲ್’ ಎಂಬ ಸಮಾನ ಗುರುತುಗಳ ಮಾನಕ ಸಿದ್ಧವಾಯಿತು. ಅದರಲ್ಲಿ ಎರಡು ಭಾಗಗಳಿವೆ. ದಪ್ಪಕ್ಷರ, ಶೀರ್ಷಿಕೆ, ಕೊಂಡಿ, ಪಟ್ಟಿ, ಕೋಷ್ಟಕ ಮೊದಲಾದುವು ಮೂಲಭಾಗಕ್ಕೆ ಸೇರಿದುವು. ಅಡಿಗೆರೆ, ಮೇಲಕ್ಷರ, ಕೆಳಕ್ಷರ ಮೊದಲಾದುವು ‘ಸೇರ್ಪಡೆ’ಗಳು, ಅಂದರೆ ಐಚ್ಛಿಕ. ನಮ್ಮ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಐಚ್ಛಿಕ ಅಂಶ ಒಂದೇ ಇದ್ದರೆ ತಂತ್ರಾಂಶಗಳಲ್ಲಿ ಎರಡು ಬಗೆ: ಅದು ಉಳ್ಳವು, ಇಲ್ಲದವು. ಎರಡು ಅಂಶಗಳಿದ್ದರೆ ನಾಲ್ಕು ಬಗೆ, ಮೂರಿದ್ದರೆ ಎಂಟು. ಆರು ಅಂಶಗಳಿದ್ದರೆ 2⁶, ಅಂದರೆ 64 ಬಗೆ! ಹೆಸರಿಗೆ ಮಾನಕ ಒಂದೇ. ಅದರ ರೂಪಗಳು ಅರವತ್ತನಾಲ್ಕು.

ಹಾಗೆಂದು ಐಚ್ಛಿಕ ಅಂಶಗಳನ್ನು ತೆಗೆದೇ ಹಾಕಿದರೆ ಕಷ್ಟ ಮುಗಿಯುವುದಿಲ್ಲ. ಎಲ್ಲವನ್ನೂ ಕಡ್ಡಾಯ ಮಾಡಿದರೆ ಮಾನಕವು ಹೊರಲಾರದ ಹೊರೆಯಾಗಿ, ಸಣ್ಣ ತಂತ್ರಾಂಶಗಳ ನಿರ್ಮಾಪಕರು ಅದರಿಂದ ದೂರ ಸರಿಯುತ್ತಾರೆ. ಎಲ್ಲವನ್ನೂ ಕೈಬಿಟ್ಟರೆ, ಅಗತ್ಯವುಳ್ಳವರು ತಮತಮಗೆ ತೋಚಿದ ಚಿಹ್ನೆಗಳನ್ನು ಕಲ್ಪಿಸಿಕೊಳ್ಳುತ್ತಾರೆ. ಸೇರ್ಪಡೆಗಳ ಪಟ್ಟಿಯಿಂದ ಒಂದು ಉಪಕಾರವಂತೂ ಉಂಟು: ಅಡಿಗೆರೆ ಬೇಕೆನ್ನುವವರೆಲ್ಲರೂ ಅದನ್ನು ಒಂದೇ ರೀತಿಯಲ್ಲಿ ಬರೆಯುತ್ತಾರೆ.

ಈ ಇಕ್ಕಟ್ಟಿನಿಂದ ಪಾರಾಗುವ ದಾರಿಯನ್ನು ನಮ್ಮ ಲಿಪಿಯೇ ತೋರಿಸುತ್ತದೆ. ‘ಸೂರ್ಯ’ ಎಂಬ ಪದವನ್ನು ಯಕಾರದ ಮುಂದೆ ಅರ್ಕಾವೊತ್ತು ಇಟ್ಟು ಬರೆಯಬಹುದು. ರಕಾರದ ಕೆಳಗೆ ಯಕಾರದ ಒತ್ತು ಕೊಟ್ಟು ‘ಸೂರ‍್ಯ’ ಎಂದೂ ಬರೆಯಬಹುದು. ಯಾವ ರೂಪವನ್ನು ಆರಿಸಬೇಕೆಂಬುದು ಬರೆಯುವವರ ಇಚ್ಛೆ. ಆದರೆ ಓದುವವರು ಎರಡನ್ನೂ ಬಲ್ಲವರಾಗಿರಲೇಬೇಕು. ಯೂನಿಕೋಡ್ ಮಾನಕದಲ್ಲಿ ಎರಡನೆಯ ರೂಪವನ್ನು ಪಡೆಯಲು ರಕಾರದ ಬಳಿಕ ಕಣ್ಣಿಗೆ ಕಾಣದ ‘ಜೋಡಕ’ ಸಂಕೇತವೊಂದನ್ನು ಸೇರಿಸುತ್ತಾರೆ. ಹುಡುಕುವಾಗ ಈ ಸಂಕೇತವನ್ನು ಬದಿಗಿಟ್ಟು ಹೋಲಿಸಲು ತಿಳಿಯದ ತಂತ್ರಾಂಶಕ್ಕೆ ಇವೆರಡೂ ಬೇರೆ ಬೇರೆ ಪದಗಳು. ಪುಟದಲ್ಲಿ ಸೂರ್ಯನಿದ್ದರೂ ಅದು ಇಲ್ಲವೆಂದೇ ಹೇಳುತ್ತದೆ! ದೋಷವು ಬರೆಯುವವರ ಸ್ವಾತಂತ್ರ್ಯದಲ್ಲಿಲ್ಲ, ಓದುವ ಯಂತ್ರದ ಅರೆತಿಳಿವಿನಲ್ಲಿದೆ.

ಆದುದರಿಂದ ಐಚ್ಛಿಕತೆಯಲ್ಲಿ ಎರಡು ಬಗೆಗಳೆಂದು ತಿಳಿಯಬೇಕು. ಬಳಸುವುದು ಐಚ್ಛಿಕವಾದರೆ ಹಾನಿಯಿಲ್ಲ; ಅರ್ಥಮಾಡಿಕೊಳ್ಳುವುದು ಐಚ್ಛಿಕವಾದರೆ ಮಾನಕವೇ ಸಡಿಲವಾಗುತ್ತದೆ.

ಆದರೂ ಕೆಲವು ಅಂಶಗಳನ್ನು ತಂತ್ರಾಂಶದ ಇಚ್ಛೆಗೆ ಬಿಡುವುದು ಅನಿವಾರ್ಯವಾದರೆ, ಯಾವುದನ್ನು ಬಿಡಬಹುದು? ಅದಕ್ಕೊಂದು ಸರಳ ಪರೀಕ್ಷೆಯಿದೆ: ಆ ಗುರುತು ಅಳಿದುಹೋದರೆ ಅರ್ಥವು ಉಳಿಯುತ್ತದೆಯೆ? ಅಡಿಗೆರೆ ಹೋದರೆ ಒತ್ತು ಮಾತ್ರ ಹೋಗುತ್ತದೆ, ವಾಕ್ಯ ಕೆಡುವುದಿಲ್ಲ. ಮೇಲಕ್ಷರದ ಮಾತು ಹಾಗಲ್ಲ. ಅವೊಗಾಡ್ರೊ ಸಂಖ್ಯೆಯು ಸುಮಾರು 6.022 × 10²³. ಕ್ರಿಯೋಲ್ ಸೇರ್ಪಡೆಯಂತೆ ಘಾತವನ್ನು 10^^23^^ ಎಂದು ಬರೆಯಬೇಕು. ಈ ಗುರುತನ್ನು ಅರಿಯದ ಯಂತ್ರವು ಅದನ್ನು ಇದ್ದಂತೆಯೇ ತೋರಿಸಿದರೆ ಓದುಗರು ಹೇಗೋ ಊಹಿಸಿಯಾರು. ಆದರೆ ಗುರುತು ಅಳಿದು ಅಂಕೆಗಳು ಮಾತ್ರ ಉಳಿದರೆ ಅದು 6.022 × 1023 ಆಗುತ್ತದೆ. ಸಂಖ್ಯೆ ಸುಮಾರು ಹತ್ತು ಲಕ್ಷ ಕೋಟಿ ಕೋಟಿ ಪಟ್ಟು ಕುಗ್ಗಿತು. ನೋಟಕ್ಕೆ ಮಾತ್ರ ಯಾವ ತಪ್ಪೂ ಇಲ್ಲ! ಆದಕಾರಣ ವಿಜ್ಞಾನವನ್ನು ಬರೆಯಬೇಕಾದ ಮಾನಕದಲ್ಲಿ ಮೇಲಕ್ಷರ, ಕೆಳಕ್ಷರಗಳು ಮೂಲಭಾಗಕ್ಕೇ ಸೇರತಕ್ಕುವು. ಅಡಿಗೆರೆಯು ಸೇರ್ಪಡೆಯಾಗಿದ್ದರೆ ಸಾಕು.

ವಿದ್ಯಾರ್ಥಿಗಳು ತಮ್ಮ ಟಿಪ್ಪಣಿಗಳಲ್ಲಿಯೇ ಇದನ್ನು ಪರೀಕ್ಷಿಸಬಹುದು. ಘಾತಗಳುಳ್ಳ ಒಂದು ಪುಟವನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ನಕಲಿಸಿ, ಪ್ರತಿಯೊಂದು ಸಂಖ್ಯೆಯನ್ನೂ ಮೂಲದೊಡನೆ ಹೋಲಿಸಿ ನೋಡಿರಿ. ಯಾವ ಗುರುತು ಕಡ್ಡಾಯವಾಗಿರಬೇಕು, ಯಾವುದು ಇಚ್ಛೆಗೆ ಬಿಟ್ಟದ್ದಾಗಿರಬಹುದು ಎಂಬುದನ್ನು ಆ ಪುಟವೇ ಹೇಳುತ್ತದೆ.