ಗೃಹಸಾಲ ಮತ್ತು ಸಾಲಗಾರನ ರಕ್ಷಣೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ನಮ್ಮ ಹಿರಿಯರ ಅನುಭವದ ಮಾತು. ‘ಸಾಲ ತೀರಿಸಿ ಪತ್ರ ಬಿಡಿಸಿ ನೋಡು’ ಎಂಬುದನ್ನೂ ಅದಕ್ಕೆ ಸೇರಿಸಬೇಕೆಂದು ನನಗೆ ತೋರಿದುದು 2019ರಲ್ಲಿ. ಆಗ ನಾನು ಹೈಸ್ಕೂಲಿನಲ್ಲಿದ್ದೆ. ನಮ್ಮ ತಂದೆಯವರು ಹದಿನೈದು ವರ್ಷಗಳ ಗೃಹಸಾಲದ ಕೊನೆಯ ಕಂತನ್ನು ಕಟ್ಟಿದರು. ಆದರೆ ಅಡವಿಟ್ಟಿದ್ದ ಕ್ರಯಪತ್ರವು ಅವರ ಕೈ ಸೇರಲು ಐದು ತಿಂಗಳು ಹಿಡಿಯಿತು. ಹೋದಾಗಲೆಲ್ಲ ‘ನಾಳೆ ಬನ್ನಿ’ ಎಂಬುದೊಂದೇ ಉತ್ತರ. ಸಾಲ ಪಡೆಯುವಾಗ ಅವರು ಇಂಗ್ಲಿಷಿನ ಅನೇಕ ಪುಟಗಳಿಗೆ ಓದದೆಯೇ ರುಜು ಹಾಕಿದ್ದರು, ಓದಿದ್ದರೂ ಅರ್ಥವಾಗುತ್ತಿರಲಿಲ್ಲ. ಈ ಪ್ರಸಂಗವೇ ನನ್ನನ್ನು ಈ ವಿಷಯದ ಅಭ್ಯಾಸಕ್ಕೆ ಪ್ರೇರಿಸಿತು.

ಅಡಮಾನವೆಂದರೆ ಮಾರಾಟವಲ್ಲ, ಸಾಲದ ಭದ್ರತೆಗಾಗಿ ಸ್ವತ್ತಿನಲ್ಲಿನ ಹಕ್ಕೊಂದನ್ನು ವಹಿಸಿಕೊಡುವುದು. ಸಾಲವನ್ನು ತೀರಿಸಿ ಸ್ವತ್ತನ್ನು ಬಿಡಿಸಿಕೊಳ್ಳುವ ಹಕ್ಕನ್ನು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 60ನೆಯ ಪ್ರಕರಣವು ಕೊಟ್ಟಿದೆ. ‘ಗಡುವು ತಪ್ಪಿದರೆ ಮನೆ ನನ್ನದೇ’ ಎಂದು ಸಾಹುಕಾರನು ಅಡಮಾನ ಪತ್ರದಲ್ಲಿ ಬರೆಯಿಸಿಕೊಂಡರೂ ನ್ಯಾಯಾಲಯಗಳು ಅದನ್ನು ಮನ್ನಿಸುವುದಿಲ್ಲ. ಏಕೆಂದರೆ ಹಣದ ತುರ್ತಿನಲ್ಲಿರುವವನು ಯಾವ ಷರತ್ತಿಗಾದರೂ ಒಪ್ಪುತ್ತಾನೆ; ಅದು ಸಮಾನರ ನಡುವಣ ಒಪ್ಪಂದವಲ್ಲ. ಇಂತಹ ಕರಾರಿನಲ್ಲಿ ಸರ್ಕಾರವು ಕೈಹಾಕುವುದಕ್ಕೆ ಇದೇ ಸಮರ್ಥನೆ.

ಈ ತತ್ತ್ವವು ಕ್ರಮೇಣ ಸಾಲದ ಬೇರೆ ಘಟ್ಟಗಳಿಗೂ ವ್ಯಾಪಿಸಿದೆ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸುವವರಿಂದ ಬ್ಯಾಂಕುಗಳು ದಂಡ ಪಡೆಯಕೂಡದೆಂದು ರಿಸರ್ವ್ ಬ್ಯಾಂಕು 2012ರಲ್ಲಿ ವಿಧಿಸಿತು. ಇದರಿಂದ ಕಡಿಮೆ ಬಡ್ಡಿ ದೊರೆಯುವಲ್ಲಿಗೆ ಸಾಲವನ್ನು ವರ್ಗಾಯಿಸಿಕೊಳ್ಳುವುದು ಸುಲಭವಾಯಿತು. 2023ರ ಡಿಸೆಂಬರ್ 1ರಿಂದ, ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲಪತ್ರಗಳನ್ನು ಹಿಂದಿರುಗಿಸಬೇಕು. ಸಂಸ್ಥೆಯ ತಪ್ಪಿನಿಂದ ತಡವಾದರೆ ದಿನವೊಂದಕ್ಕೆ 5,000 ರೂಪಾಯಿ ಪರಿಹಾರ ತೆರಬೇಕು. 2024ರ ಅಕ್ಟೋಬರ್ 1ರಿಂದ ಹೊಸ ಸಾಲಗಾರನಿಗೆ ಬಡ್ಡಿ, ಶುಲ್ಕ ಮೊದಲಾದ ಮುಖ್ಯಾಂಶಗಳನ್ನು ಅವನಿಗೆ ತಿಳಿಯುವ ಭಾಷೆಯಲ್ಲಿಯೇ ಬರೆದುಕೊಟ್ಟು ವಿವರಿಸಬೇಕು. ನಮ್ಮ ತಂದೆಯವರಿಗೆ ಇವೆರಡೂ ತಡವಾಗಿ ಬಂದುವು.

ಸಾಲ ಕೊಟ್ಟವರ ಹಿತವನ್ನೂ ನೋಡಬೇಕಷ್ಟೆ. ಸಾಲವಾಗಿ ಹೊರಡುವುದು ಠೇವಣಿದಾರರ ಹಣ. ಅದು ವಸೂಲಾಗದಿದ್ದರೆ ನಾಳೆ ಮನೆ ಕಟ್ಟುವವನಿಗೆ ಸಾಲ ಹುಟ್ಟದು. ಆದುದರಿಂದಲೇ ‘ಸರ್ಫೇಸಿ’ ಎಂದು ಕರೆಯುವ 2002ರ ಅಧಿನಿಯಮವು, ಸುಸ್ತಿದಾರನಿಗೆ 60 ದಿನಗಳ ನೋಟೀಸು ಕೊಟ್ಟ ಬಳಿಕ, ನ್ಯಾಯಾಲಯದ ಡಿಕ್ರಿಯಿಲ್ಲದೆಯೇ ಅಡಮಾನದ ಮನೆಯನ್ನು ವಶಪಡಿಸಿಕೊಂಡು ಮಾರಲು ಬ್ಯಾಂಕುಗಳಿಗೆ ಅಧಿಕಾರ ಕೊಟ್ಟಿತು. ಇದನ್ನು ನ್ಯಾಯಮಂಡಳಿಯಲ್ಲಿ ಪ್ರಶ್ನಿಸುವವನು ಮೊದಲು ಬಾಕಿಯ ಶೇಕಡಾ 75ರಷ್ಟನ್ನು ಠೇವಣಿ ಇಡಬೇಕೆಂಬ ನಿಯಮವನ್ನು ಸುಪ್ರೀಂ ಕೋರ್ಟು 2004ರಲ್ಲಿ ರದ್ದುಪಡಿಸಿತು. ಅಷ್ಟು ಹಣವಿದ್ದವನು ಸುಸ್ತಿದಾರನೇಕೆ ಆಗುತ್ತಿದ್ದನು?

ಆದರೆ 2016ರ ತಿದ್ದುಪಡಿಯಂತೆ, ಹರಾಜಿನ ಪ್ರಕಟಣೆ ಹೊರಡುವ ಮುಂಚೆಯೇ ಬಾಕಿಯನ್ನೆಲ್ಲ ಕಟ್ಟಬೇಕು. ಬಳಿಕ ಮನೆಯನ್ನು ಬಿಡಿಸಿಕೊಳ್ಳುವ ಹಕ್ಕು ಉಳಿಯದೆಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿತು. ಕೊನೆಗಳಿಗೆಯಲ್ಲಿ ರದ್ದಾಗಬಹುದಾದ ಹರಾಜಿಗೆ ಯಾರೂ ಬರಲಾರರೆಂಬ ವಾದದಲ್ಲಿ ಹುರುಳಿದೆ. ಆದರೂ ಸಾಲಗಾರನು ವಾಸವಾಗಿರುವ ಒಂದೇ ಮನೆಯ ವಿಷಯದಲ್ಲಾದರೂ ಹರಾಜು ಮುಗಿಯುವವರೆಗೆ ಆ ಹಕ್ಕು ಉಳಿಯಬೇಕೆಂಬುದು ನನ್ನ ಅಭಿಪ್ರಾಯ. ಬ್ಯಾಂಕಿಗೆ ಬೇಕಾದುದು ಹಣ. ಅದು ಪೂರ್ತಿ ಬರುವಾಗ ಒಂದು ಸಂಸಾರವನ್ನು ಬೀದಿಗಿಳಿಸುವುದರಿಂದ ಯಾರಿಗೆ ಲಾಭ?

ವಿದ್ಯಾರ್ಥಿ ಮಿತ್ರರೇ, ಕಾನೂನು ಎಷ್ಟೇ ಒಳ್ಳೆಯದಾದರೂ ಅದನ್ನು ಕೇಳಿ ಪಡೆಯುವವರಿಲ್ಲದಿದ್ದರೆ ಕಾಗದದಲ್ಲಿಯೇ ಉಳಿಯುತ್ತದೆ. ನಮ್ಮಲ್ಲಿ ಅನೇಕರು ಮನೆಗೆ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು. ಹಿರಿಯರು ಸಾಲದ ಪತ್ರಕ್ಕೆ ರುಜು ಹಾಕಲು ಹೊರಟಾಗ ಜೊತೆಯಲ್ಲಿ ಹೋಗಿ, ಮುಖ್ಯಾಂಶಗಳ ಪತ್ರವನ್ನು ಕನ್ನಡದಲ್ಲಿಯೇ ಕೊಡಿರೆಂದು ಕೇಳಿ, ಅದನ್ನು ಅವರಿಗೆ ಓದಿ ಹೇಳೋಣ. ಕಲಿತ ಅಕ್ಷರಕ್ಕೆ ಅದಕ್ಕಿಂತ ಒಳ್ಳೆಯ ಉಪಯೋಗ ನನಗಂತೂ ತೋರದು.