ದೊಡ್ಡ ಗುರಿ, ಸಣ್ಣ ಕಂತು



ಕಾಮಸಮುದ್ರದ ಸುತ್ತಮುತ್ತಲಿನ ಸಂಘಗಳ ಸಭೆಯಲ್ಲಿ ನಾವು ವ್ಯಾಯಾಮದ ಮಾತು ತೆಗೆದರೆ ಸಾಕು, ಎಲ್ಲರೂ ನಗುತ್ತಾರೆ. "ಸಿಸ್ಟರ್, ಕೋಳಿ ಕೂಗಿದಾಗಿನಿಂದ ದುಡೀತಾನೇ ಇದೀವಿ. ಹಾಲು ಕರೆಯೋದು, ಹುಲ್ಲು ಹೊರೋದು, ಹಿಪ್ಪುನೇರಳೆ ಸೊಪ್ಪು ಕೊಯ್ಯೋದು, ಟೊಮೆಟೊ ಬಿಡಿಸೋದು. ಇದಕ್ಕಿಂತ ವ್ಯಾಯಾಮ ಬೇಕಾ?" ಎಂದು ಕೇಳುತ್ತಾರೆ. ಕೇಳುವುದರಲ್ಲಿ ನ್ಯಾಯವಿದೆ. ಆದರೆ ಅದೇ ಸಭೆ ಮುಗಿದು ಏಳುವಾಗ ನೋಡಿ. ಅರ್ಧಕ್ಕರ್ಧ ಮಂದಿ ನೆಲಕ್ಕೆ ಕೈ ಊರಿ, "ಅಯ್ಯೋ ಅಮ್ಮಾ" ಎನ್ನುತ್ತಲೇ ಏಳುತ್ತಾರೆ. ನಲವತ್ತು ದಾಟದವರೂ ಅವರಲ್ಲಿದ್ದಾರೆ.

ದುಡಿಮೆ ಬೇರೆ, ಮೈಗೆ ಬಲ ಕೊಡುವ ಚಟುವಟಿಕೆ ಬೇರೆ. ದುಡಿಮೆಯಲ್ಲಿ ಒಂದೇ ಕಡೆ ಬಗ್ಗುತ್ತೇವೆ, ಒಂದೇ ಸೊಂಟಕ್ಕೆ ಬಿಂದಿಗೆ ಇಡುತ್ತೇವೆ. ಸಾಕಾದಾಗ ನಿಲ್ಲಿಸುವ ಹಾಗಿಲ್ಲ, ಮರುದಿನ ಸುಧಾರಿಸಿಕೊಳ್ಳುವ ಹಾಗೂ ಇಲ್ಲ. ನಮ್ಮ ಪಕ್ಕದ ಕೆ.ಜಿ.ಎಫ್.ನ್ನೇ ನೆನೆಸಿಕೊಳ್ಳಿ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಬಂಡೆ ಒಡೆದವರಿಗಿಂತ ಹೆಚ್ಚು ಮೈ ಬಗ್ಗಿಸಿ ದುಡಿದವರು ಯಾರು? 2001ರಲ್ಲಿ ಗಣಿ ಮುಚ್ಚಿತು. ಆದರೆ ಕಲ್ಲಿನ ಧೂಳು ಕುಡಿದ ಎಷ್ಟೋ ಶ್ವಾಸಕೋಶಗಳು ಅದಕ್ಕೂ ಮೊದಲೇ ಸೋತಿದ್ದವು. ಹೆಚ್ಚು ದುಡಿದವರಿಗೆ ಹೆಚ್ಚು ಆರೋಗ್ಯ ಎಂಬ ಲೆಕ್ಕ ಸರಿಯಲ್ಲ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನಾವು ಒಂದು ಸಂಘದಲ್ಲಿ ತೂಕ ಇಳಿಸುವ ಸ್ಪರ್ಧೆ ಇಟ್ಟೆವು. ಮೂರು ತಿಂಗಳಲ್ಲಿ ಹೆಚ್ಚು ಕಿಲೋ ಇಳಿಸಿದವರಿಗೆ ಸ್ಟೀಲ್ ಡಬರಿ ಬಹುಮಾನ. ಎಲ್ಲರಿಗೂ ಬಹಳ ಹುರುಪು. ಏನಾಯಿತು ಗೊತ್ತೇ? ಕೆಲವರು ರಾತ್ರಿ ಊಟ ಬಿಟ್ಟರು, ಒಬ್ಬರು ಬರೀ ಟೀಯಲ್ಲಿ ದಿನ ತಳ್ಳಿದರು. ಎರಡನೇ ತಿಂಗಳಲ್ಲಿ ಒಬ್ಬ ಸಹೋದರಿ ಕೂಲಿ ಕೆಲಸದಲ್ಲಿ ಮಣ್ಣಿನ ಬುಟ್ಟಿ ಎತ್ತುವಾಗ ತಲೆ ಸುತ್ತಿ ಬಿದ್ದರು. ಆಸ್ಪತ್ರೆಯಲ್ಲಿ ರಕ್ತ ನೋಡಿದರೆ ಹಿಮೋಗ್ಲೋಬಿನ್ 7.2. ಗರ್ಭಿಣಿಯಲ್ಲದ ಹೆಂಗಸಿಗೆ ಕನಿಷ್ಠ 12 ಇರಬೇಕು, 8ಕ್ಕಿಂತ ಕೆಳಗಿದ್ದರೆ ಅದು ತೀವ್ರ ರಕ್ತಹೀನತೆ. ಆಕೆಯನ್ನು ಮನೆಯವರು "ಸೋಮಾರಿ" ಅಂತಿದ್ದರು. ನಿಜ ಹೇಳಬೇಕೆಂದರೆ, ಸಭೆಗೆ ತಡವಾಗಿ ಬರುತ್ತಾರೆಂದು ನಾವೂ ಒಂದೆರಡು ಸಲ ಗದರಿದ್ದೆವು. ಸ್ಪರ್ಧೆಯನ್ನು ಅವತ್ತೇ ನಿಲ್ಲಿಸಿದೆವು. ಡಬರಿಯನ್ನು ಅಂಗನವಾಡಿಗೆ ಕೊಟ್ಟೆವು.

ಗುರಿ ದೊಡ್ಡದಿದ್ದದ್ದು ತಪ್ಪಲ್ಲ. ಆಳ ನೋಡದೆ ಬಾವಿಗೆ ಇಳಿದದ್ದು ತಪ್ಪು. ನಿಮ್ಮ ಸಂಘ ಹಸು ಸಾಲ ಕೊಡುವಾಗ ಏನು ಮಾಡುತ್ತದೆ? ಮೊದಲು ಆಕೆಯ ಉಳಿತಾಯ ನೋಡುತ್ತೀರಿ, ಮೇವು ನೀರು ಇದೆಯಾ ಕೇಳುತ್ತೀರಿ, ಆಮೇಲೆ ಕಂತು ಕಟ್ಟುತ್ತೀರಿ. ಐವತ್ತು ಸಾವಿರದ ಸಾಲವನ್ನು ಯಾರೂ ಒಂದೇ ದಿನ ತೀರಿಸುವುದಿಲ್ಲ. ದೇಹಕ್ಕೂ ಇದೇ ಲೆಕ್ಕ ಹಾಕೋಣ.

ಮೊದಲು ಉಳಿತಾಯ ನೋಡುವುದು, ಅಂದರೆ ತಪಾಸಣೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇದೆ. ಇಪ್ಪತ್ತು ಮಂದಿಯ ಸಂಘದಲ್ಲಿ ಒಂಬತ್ತು ಹತ್ತು ಮಂದಿ ಅಂತ ಇಟ್ಟುಕೊಳ್ಳಿ. ಆದ್ದರಿಂದ ಸಂಘದ ಎಲ್ಲರೂ ಒಂದು ದಿನ ಒಟ್ಟಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ, ಬಿ.ಪಿ., ಸಕ್ಕರೆ ನೋಡಿಸಿ. ಮೂವತ್ತು ದಾಟಿದವರಿಗೆ ಬಿ.ಪಿ., ಸಕ್ಕರೆ ತಪಾಸಣೆ ಅಲ್ಲಿ ಉಚಿತ. ಕಬ್ಬಿಣಾಂಶದ ಮಾತ್ರೆಗೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಮಾತ್ರೆ ನುಂಗಿದ ಕೂಡಲೇ ಟೀ ಕುಡಿಯಬೇಡಿ, ಟೀ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಸೊಪ್ಪಿನ ಸಾರಿಗೆ ನಿಂಬೆ ಹಿಂಡಿದರೆ ಅದು ಚೆನ್ನಾಗಿ ಹತ್ತುತ್ತದೆ. ಮುದ್ದೆ, ಹುರುಳಿ, ಅವರೆ, ಮಸ್ಸೊಪ್ಪು ನಮ್ಮ ಮನೆಯಲ್ಲೇ ಇರುವಾಗ ಡಬ್ಬದ ಪುಡಿಗೆ ದುಡ್ಡು ಸುರಿಯುವುದು ಯಾಕೋ ನಮಗೆ ತಿಳಿಯುವುದಿಲ್ಲ.

ಮಂಡಿ, ಸೊಂಟ, ಕತ್ತು ಬಿಗಿಯುವವರಿಗೆ ಇನ್ನೊಂದು ಮಾತು. ನಮ್ಮ ಕೋಲಾರ ಜಿಲ್ಲೆಯ ಕೊಳವೆಬಾವಿ ನೀರಿನಲ್ಲಿ ಅನೇಕ ಕಡೆ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಮೂಳೆ ಎರಡಕ್ಕೂ ಕೇಡು. ಕಾಯಿಸಿದರೆ ಫ್ಲೋರೈಡ್ ಹೋಗುತ್ತದೆ ಅಂತ ಬಹಳ ಮಂದಿ ತಿಳಿದಿದ್ದಾರೆ. ಹೋಗುವುದಿಲ್ಲ, ನೀರು ಬತ್ತಿದಷ್ಟೂ ಅದು ಗಟ್ಟಿಯಾಗುತ್ತದೆ. ಕುಡಿಯಲಿಕ್ಕೂ ಅಡಿಗೆಗೂ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ. ಘಟಕ ಕೆಟ್ಟು ನಿಂತಿದ್ದರೆ ಸಂಘದಿಂದ ಪಂಚಾಯಿತಿಗೆ ಅರ್ಜಿ ಕೊಡಿ. ಅದೂ ಆರೋಗ್ಯದ ಕೆಲಸವೇ.

ಈಗ ಗುರಿ. ಆ ಸ್ಪರ್ಧೆ ಕೆಟ್ಟ ಮೇಲೆ ಸಂಘದವರೇ ಕೂತು ಬೇರೆ ಗುರಿ ಹುಡುಕಿದರು. ಬಂಗಾರಪೇಟೆ ಸ್ಟೇಷನ್ನಿನ ಮೇಲ್ಸೇತುವೆ ಹತ್ತುವಾಗ ಎರಡು ಸಲ ನಿಲ್ಲುತ್ತಿದ್ದ ಒಬ್ಬ ಅಕ್ಕ, "ಒಂದು ವರ್ಷದಲ್ಲಿ ಕೋಲಾರದ ಅಂತರಗಂಗೆ ಬೆಟ್ಟದ ಮೆಟ್ಟಿಲನ್ನ ನಿಲ್ಲದೇ ಹತ್ತಬೇಕು" ಅಂದರು. ಎಲ್ಲರೂ ನಕ್ಕರು, ಆದರೂ ನಿರ್ಣಯ ಪುಸ್ತಕದಲ್ಲಿ ಬರೆದರು. ಕಿಲೋ ಲೆಕ್ಕಕ್ಕಿಂತ ಇದು ಎಷ್ಟೋ ಒಳ್ಳೆಯ ಗುರಿ. ಇದಕ್ಕೆ ಊಟ ಬಿಟ್ಟರೆ ಆಗುವುದಿಲ್ಲ, ಉಣ್ಣಲೇಬೇಕು.

ಕಂತು ಹೇಗೆ? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು, ವಾರಕ್ಕೆ 150ರಿಂದ 300 ನಿಮಿಷ ಬಿರುಸಾದ ನಡಿಗೆಯಂಥ ಚಟುವಟಿಕೆ, ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಬರುವ ವ್ಯಾಯಾಮ. ಮೊದಲ ವಾರವೇ 150 ಬೇಡ. ದಿನಕ್ಕೆ ಹತ್ತು ನಿಮಿಷ, ವಾರಕ್ಕೆ ಐದು ದಿನ; ಮುಂದಿನ ವಾರ ಒಂದೆರಡು ನಿಮಿಷ ಹೆಚ್ಚು. ಬಿರುಸು ಸಾಕಾ ಅಂತ ತಿಳಿಯಲು ಗಡಿಯಾರ ಬೇಕಿಲ್ಲ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮೊಬೈಲಿನವರು ಹೇಳುವ ಹತ್ತು ಸಾವಿರ ಹೆಜ್ಜೆಗೆ ಹೆದರಬೇಡಿ. ಆ ಸಂಖ್ಯೆ ಬಂದದ್ದು 1965ರಲ್ಲಿ ಜಪಾನಿನಲ್ಲಿ ಮಾರಿದ ಒಂದು ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. ವಯಸ್ಸಾದ ಹೆಂಗಸರ ಮೇಲೆ 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ದಿನಕ್ಕೆ 4,400 ಹೆಜ್ಜೆ ನಡೆದವರಲ್ಲೇ, ತೀರಾ ಕಡಿಮೆ ನಡೆದವರಿಗಿಂತ ಸಾವು ಕಡಿಮೆ ಇತ್ತು.

ಸ್ನಾಯು ಬಲಕ್ಕೆ ಕುರ್ಚಿ ಸಾಕು. ಕೈಕಟ್ಟಿ ಕೂತು, ಕೈ ಊರದೆ ಎದ್ದು ನಿಂತು ಮತ್ತೆ ಕೂರುವುದು. 30 ಸೆಕೆಂಡಿನಲ್ಲಿ ಎಷ್ಟು ಸಲ ಆಗುತ್ತದೆ ಎಂದು ಪಕ್ಕದವರು ಎಣಿಸಲಿ. ಅರುವತ್ತರಿಂದ ಅರುವತ್ನಾಲ್ಕು ವಯಸ್ಸಿನ ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ಬಲ ಸಾಲದು. ನಮ್ಮ ಸಂಘದಲ್ಲಿ ಮೂವತ್ತೈದರ ಒಬ್ಬರು 11ಕ್ಕೇ ಸುಸ್ತಾದರು! ಎದೆ ನೋವು, ವಿಪರೀತ ಏದುಸಿರು, ಮಂಡಿ ಊತ ಇರುವವರು, ಗರ್ಭಿಣಿಯರು, ಮೊದಲು ವೈದ್ಯರನ್ನು ಕೇಳಬೇಕು.

ಹೊತ್ತು ಯಾವುದು ಎಂಬುದು ನಮ್ಮ ಕಡೆ ಸಣ್ಣ ವಿಷಯವಲ್ಲ. ಕಾಡಂಚಿನ ಊರುಗಳಿಗೆ ಆನೆ ಬರುವುದು ನಿಮಗೇ ಗೊತ್ತು. ಬೆಳಕು ಹರಿಯುವ ಮುಂಚೆ ಹೊಲದ ದಾರಿಯಲ್ಲಿ ನಡೆಯಬೇಡಿ, ಒಬ್ಬೊಬ್ಬರೇ ಹೋಗಬೇಡಿ. ರೈಲು ಹಳಿಯ ಮೇಲಂತೂ ಬೇಡವೇ ಬೇಡ. ಸಂಜೆ ಐದಕ್ಕೆ ಶಾಲೆ ಮೈದಾನ ಒಳ್ಳೆಯದು. 2023ರ ಜೂನ್‌ನಲ್ಲಿ ಬಸ್ಸು ಉಚಿತವಾದ ಮೇಲೆ ಒಂದು ಸ್ಟಾಪಿಗೂ ಕಾಯುತ್ತಾ ನಿಲ್ಲುವುದನ್ನು ಕಲಿತಿದ್ದೇವೆ. ಒಂದು ಸ್ಟಾಪ್ ಮೊದಲೇ ಇಳಿದರೂ ನಡಿಗೆ ಆಯಿತು.

"ವಯಸ್ಸಾಯ್ತು ಬಿಡಿ ಸಿಸ್ಟರ್" ಎನ್ನುವವರಿಗೆ ಚಂಡೀಗಢದ ಮನ್ ಕೌರ್ ಅಜ್ಜಿಯ ವಿಷಯ. ಓಡಲು ಶುರು ಮಾಡಿದ್ದೇ 93ರಲ್ಲಿ. 2017ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ನಡೆದ ಹಿರಿಯರ ಕ್ರೀಡಾಕೂಟದಲ್ಲಿ 101ರ ವಯಸ್ಸಿನಲ್ಲಿ 100 ಮೀಟರ್ ಓಡಿ ಚಿನ್ನ ಗೆದ್ದರು. ತೆಗೆದುಕೊಂಡ ಸಮಯ ಒಂದು ನಿಮಿಷ 14 ಸೆಕೆಂಡು. ಮಗ ಹುರಿದುಂಬಿಸಿದ್ದಕ್ಕೆ ಓಡಿದರು ಎಂಬುದನ್ನು ಮರೆಯಬೇಡಿ. ಮನೆಯವರ ಒತ್ತಾಸೆ ಇಲ್ಲದೆ ಹೆಂಗಸಿಗೆ ಅರ್ಧ ಗಂಟೆ ಸಿಗುವುದು ಕಷ್ಟ. ಆ ಅರ್ಧ ಗಂಟೆ ಒಲೆ ಯಾರು ನೋಡುತ್ತಾರೆ, ಹಸು ಯಾರು ಕಟ್ಟುತ್ತಾರೆ ಅಂತ ಮನೆಯಲ್ಲಿ ಮೊದಲೇ ಮಾತಾಡಿ.

ಆ ಸಂಘದಿಂದ ಹನ್ನೊಂದು ಮಂದಿ ಅಂತರಗಂಗೆಗೆ ಹೋದರು. ಹದಿನಾಲ್ಕು ತಿಂಗಳಾಯಿತು, ವರ್ಷದಲ್ಲಿ ಆಗಲಿಲ್ಲ. ಮೇಲ್ಸೇತುವೆಯ ಅಕ್ಕ ಒಂದು ಸಲ ನಿಂತರು. ತಲೆ ಸುತ್ತಿ ಬಿದ್ದಿದ್ದ ಸಹೋದರಿ ಅಷ್ಟರಲ್ಲಿ ಹಿಮೋಗ್ಲೋಬಿನ್ 11 ದಾಟಿಸಿದ್ದರು, ನಿಲ್ಲದೇ ಹತ್ತಿದರು. ಮೇಲೆ ಕೂತು ಬುತ್ತಿ ಬಿಚ್ಚಿ ನಮ್ಮನ್ನು ಕಾದರು. ನಾವೇ ಕೊನೆಯವರು.

ಸಂಘದಲ್ಲಿ ಚರ್ಚಿಸಿ:
ನಮ್ಮ ಸಂಘದಲ್ಲಿ ರಕ್ತ ಪರೀಕ್ಷೆ ಮಾಡಿಸದವರು ಎಷ್ಟು ಮಂದಿ? ಯಾವ ದಿನ ಹೋಗೋಣ?
ಒಂದು ವರ್ಷದಲ್ಲಿ ನಾವೆಲ್ಲ ಸೇರಿ ಏನನ್ನು ಮಾಡಿ ತೋರಿಸಬಹುದು? ಅದರ ವಾರದ ಕಂತು ಎಷ್ಟು?
ಲೆಕ್ಕ ಬರೆಯುವವರು ಯಾರು?